ಈ ಕೈಗೆ ತಾಳ ಗೊತ್ತಿಲ್ಲ

"ಸರ್, ಈ ಕೈಗೆ ತಾಳ ಗೊತ್ತಿಲ್ಲ."

ಶನಿವಾರ ಗಿಟಾರ್ ತರಗತಿಯಲ್ಲಿ ಅಕ್ಕನ ಮಗಳು ಹೇಳಿದ ಮಾತು. ವಾರವೆಲ್ಲ ನನ್ನ ತಲೆಯಲ್ಲಿ ಅದೇ ಕೊರೆಯುತ್ತಿದೆ. ಎಡಚಿಯಾದ ಅವಳು ತನಗೆ ತೋಚಿದಂತೆ ಗಿಟಾರನ್ನು ಬಲತೊಡೆಗೆ ಬದಲು ಎಡತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಮೇಷ್ಟ್ರು ಬಂದು ಅದನ್ನು ಎತ್ತಿ, ಹಿಂದುಮುಂದು ತಿರುಗಿಸಿ, ಮತ್ತೆ ಅವಳ ಕೈಗೆ ಕೊಟ್ಟರು. "ಗಿಟಾರ್ ಹಿಡಿಯುವುದೇ ಹೀಗೆ ಮರಿ. ನಾಲ್ಕು ದಿನ ಕಷ್ಟ, ಆಮೇಲೆ ರೂಢಿಯಾಗುತ್ತದೆ" ಅಂದರು. ಅವಳು ಬಲಗೈಯಲ್ಲಿ ತಂತಿ ಮೀಟುವ ಪಿಕ್ ಹಿಡಿದು ಎಳೆದಳು. ಅದು ನಡುವಿನ ತಂತಿಯಲ್ಲಿ ಸಿಕ್ಕಿಕೊಂಡಿತು. ಇನ್ನೊಮ್ಮೆ ಎಳೆದಾಗ ಪಿಕ್ ಜಾರಿ ಗಿಟಾರಿನ ಹೊಟ್ಟೆಯೊಳಗೇ ಬಿತ್ತು. ಆಗಲೇ ತಲೆಯೆತ್ತಿ ಆ ಮಾತು ಹೇಳಿದ್ದು. ದನಿಯಲ್ಲಿ ದೂರಿರಲಿಲ್ಲ, ಅಳುವೂ ಇರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ್ದಳು. ಮೇಷ್ಟ್ರು ನಕ್ಕು, "ಗೊತ್ತು ಮಾಡಿಸೋಣ ಬಿಡು" ಅಂದರು.

ಮೇಷ್ಟ್ರು ಒಳ್ಳೆಯವರು. ತಾಳ್ಮೆಯಿದೆ, ಮಕ್ಕಳ ಮೇಲೆ ರೇಗುವುದಿಲ್ಲ. ಹೊರಡುವಾಗ ನನಗೊಂದು ಸಮಜಾಯಿಷಿಯನ್ನೂ ಕೊಟ್ಟರು: "ನೋಡಿ, ತಂತಿ ಒತ್ತಿ ಸ್ವರ ಹಿಡಿಯುವ ಕಷ್ಟದ ಕೆಲಸವೆಲ್ಲ ಎಡಗೈಯದು. ಎಡಚರಿಗೆ ಇದು ಅನುಕೂಲವೇ." ಕೇಳಲು ಬಹಳ ಜಾಣ ಮಾತು. ಆದರೆ ತಂತಿ ಒತ್ತುವ ಕೆಲಸ ಯಾವ ಕೈಗಾದರೂ ಹೊಸದೇ, ಎಲ್ಲರೂ ಬೆರಳು ನೋಯಿಸಿಕೊಂಡೇ ಕಲಿಯಬೇಕು. ಮೀಟುವ ಕೈ ಹಾಗಲ್ಲ. ಹಾಡು ಕೇಳಿದೊಡನೆ ಮೇಜನ್ನು ತಟ್ಟತೊಡಗುವ ಕೈ ಒಂದಿರುತ್ತದಲ್ಲ, ಲಯ ಇರುವುದು ಅಲ್ಲಿ. ಈ ಹುಡುಗಿ ಊಟಕ್ಕೆ ಕುಳಿತಾಗಲೂ ಎಡಗೈಯಲ್ಲಿ ತಟ್ಟೆಯ ಅಂಚು ಬಡಿಯುತ್ತಿರುತ್ತಾಳೆ. ಎರಡು ತಿಂಗಳ ಪಾಠದಲ್ಲಿ ಯಾರೂ ಹೇಳಿಕೊಡದ ವ್ಯತ್ಯಾಸವನ್ನು ಅವಳೇ ಕಂಡುಕೊಂಡು ನಾಲ್ಕೇ ಪದಗಳಲ್ಲಿ ಹೇಳಿದಳು. ಅದನ್ನು ನಕ್ಕು ತಳ್ಳಿಹಾಕಿದ್ದು ನನಗೆ ಇವತ್ತಿಗೂ ಸರಿಕಾಣುತ್ತಿಲ್ಲ.

ಮನೆಗೆ ಬಂದವಳೇ ಅವಳಿಗೆ ಎಡಚ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್‌ನ ವಿಡಿಯೊ ಹಾಕಿ ತೋರಿಸಿದೆ. 1969ರ ವುಡ್‌ಸ್ಟಾಕ್ ಸಂಗೀತೋತ್ಸವ, ಸೋಮವಾರದ ಬೆಳಗು, ಬಿಳಿಯ ಸ್ಟ್ರಾಟೊಕಾಸ್ಟರ್ ಎಲೆಕ್ಟ್ರಿಕ್ ಗಿಟಾರ್. "ಚಿಕ್ಕಮ್ಮ, ಗಿಟಾರ್ ತಲೆಕೆಳಗಾಗಿದೆ!" ಎಂದು ಕೂಗಿದಳು. ಬಲಗೈಯವರಿಗೆಂದು ಮಾಡಿದ ಗಿಟಾರನ್ನೇ ತಿರುವಿಹಾಕಿ, ತಂತಿಗಳನ್ನು ತನ್ನ ಕೈಗೆ ಒಪ್ಪುವಂತೆ ಮತ್ತೆ ಕಟ್ಟಿಕೊಂಡು ನುಡಿಸುತ್ತಿದ್ದ ಅವನು. ಕೆಳಗಿರಬೇಕಾದ ಗುಂಡಿಗಳು ಮೇಲಿರುತ್ತವೆ. ತಂತಿಗಳ ಕೆಳತುದಿ ಕೂರುವ ಸೇತುವೆಯ ಪಕ್ಕದಲ್ಲಿ, ತಂತಿಯ ಕಂಪನವನ್ನು ಹಿಡಿಯುವ ಪಿಕಪ್ ಓರೆಯಾಗಿರುವುದರಿಂದ, ತಿರುವಿದಾಗ ಅದರ ಓರೆಯೂ ಉಲ್ಟಾ ಆಗಿ, ದಪ್ಪ ತಂತಿಗಳ ದನಿ ಚುರುಕಾಗಿಯೂ ತೆಳು ತಂತಿಗಳ ದನಿ ತುಸು ದುಂಡಗಾಗಿಯೂ ಕೇಳಿಸುತ್ತದೆ. ಜಗತ್ತು ಬೆರಗಾದ ಆ ನಾದದಲ್ಲಿ ಎಡಗೈಯ ಈ ಪಾಲೂ ಇದೆ. ಎಡಗೈಯಲ್ಲಿ ನುಡಿಸುವುದು ಅವನ ಅಪ್ಪನಿಗೆ ಅಪಶಕುನವೆನಿಸುತ್ತಿತ್ತಂತೆ. ಅಪ್ಪ ಒಳಗೆ ಬಂದರೆ ಹುಡುಗ ಗಿಟಾರ್ ತಿರುಗಿಸಿ ಬಲಗೈಯಲ್ಲಿ ನುಡಿಸುತ್ತಿದ್ದನೆಂದು ತಮ್ಮ ಲಿಯಾನ್ ಹೇಳಿಕೊಂಡಿದ್ದಾನೆ. ಎಂಥ ಪ್ರತಿಭೆ ಎಂದು ಮೆಚ್ಚುವವರಿದ್ದಾರೆ. ನನಗೆ ಮಾತ್ರ ಹೊಟ್ಟೆ ಉರಿಯುತ್ತದೆ. ಸ್ವಂತ ಮನೆಯಲ್ಲಿ ಒಂದು ಮಗು ಬಾಗಿಲ ಸದ್ದಿಗೆ ಕಿವಿಯಿಟ್ಟುಕೊಂಡು ಸಂಗೀತ ಕಲಿಯಬೇಕೆ?

ನನ್ನನ್ನು ಹೆಚ್ಚು ಕಾಡುವವನು ಟೋನಿ ಐಯೋಮಿ. ಬರ್ಮಿಂಗ್‌ಹ್ಯಾಮಿನ ಎಡಚ ಗಿಟಾರ್ ವಾದಕ. 1965ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ತಗಡಿನ ಕಾರ್ಖಾನೆಯಲ್ಲಿ ಅವನ ಕೊನೆಯ ದಿನ. ಸಂಗೀತಗಾರನಾಗಲೆಂದು ಕೆಲಸ ಬಿಡುತ್ತಿದ್ದ. ಮಧ್ಯಾಹ್ನ ಊಟಕ್ಕೆ ಬಂದವನಿಗೆ ಮತ್ತೆ ಹೋಗುವ ಮನಸ್ಸಿರಲಿಲ್ಲ. ಒಪ್ಪಿಕೊಂಡ ಕೆಲಸ ಮುಗಿಸಿ ಬಾ ಎಂದು ತಾಯಿ ಕಳಿಸಿದಳು. ಆ ಮಧ್ಯಾಹ್ನವೇ ಯಂತ್ರಕ್ಕೆ ಸಿಕ್ಕಿ ಬಲಗೈಯ ನಡುಬೆರಳು, ಉಂಗುರಬೆರಳುಗಳ ತುದಿ ಹೋದವು. ಬಲಗೈ ನುಡಿಸುವವನಾಗಿದ್ದರೆ ಪಿಕ್ ಹಿಡಿದು ಹೇಗೋ ಸುಧಾರಿಸಬಹುದಿತ್ತು. ಇವನು ಎಡಚ, ತಂತಿ ಒತ್ತಬೇಕಾದ ಕೈಯೇ ಅದು. ಹಾಸಿಗೆಯಲ್ಲಿ ಕುಗ್ಗಿ ಕುಳಿತಿದ್ದವನಿಗೆ ಕಾರ್ಖಾನೆಯ ಮೇಲ್ವಿಚಾರಕ ಜಾಂಗೋ ರೈನ್‌ಹಾರ್ಟ್‌ನ ಧ್ವನಿಮುದ್ರಿಕೆ ತಂದುಕೊಟ್ಟ. ಬೆಂಕಿಯಲ್ಲಿ ಬೆಂದು ಎರಡು ಬೆರಳು ನಿಷ್ಪ್ರಯೋಜಕವಾದ ಮೇಲೂ ಅದ್ಭುತವಾಗಿ ಗಿಟಾರ್ ನುಡಿಸಿದವನು ಜಾಂಗೋ. ಆ ಮೇಲ್ವಿಚಾರಕನಂಥವರು ಸಿಕ್ಕಬೇಕು ಮಕ್ಕಳಿಗೆ. ಐಯೋಮಿ ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ತಂತಿಯ ಮೇಲೆ ಜಾರದಿರಲೆಂದು ಅದಕ್ಕೆ ಚರ್ಮ ಅಂಟಿಸಿದ. ತೆಳ್ಳಗಿನ ತಂತಿ ಬೇಕೆಂದು ಬ್ಯಾಂಜೋ ತಂತಿಗಳನ್ನು ಕಟ್ಟಿದ. ಮುಂದೆ ಶ್ರುತಿಯನ್ನೇ ಇಳಿಸಿ ಬಿಗಿತ ಕಡಿಮೆ ಮಾಡಿದ. 1970ರಲ್ಲಿ ಅವನ ತಂಡ ಬ್ಲ್ಯಾಕ್ ಸಬತ್‌ನ ಮೊದಲ ಆಲ್ಬಂ ಬಂತು. ಹೆವಿ ಮೆಟಲ್ ಎಂಬ ರಾಕ್ ಸಂಗೀತದ ಆ ಭಾರವಾದ, ಕತ್ತಲೆ ಕವಿದಂಥ ನಾದದ ಹಿಂದೆ ಗಾಯಗೊಂಡ ಆ ಕೈ ಇದೆ.

ಅವನು ಕೈ ಬದಲಾಯಿಸಿಕೊಳ್ಳಬಹುದಿತ್ತು. ಆಗಲೇ ಕೆಲವು ವರ್ಷ ನುಡಿಸಿಯಾಗಿತ್ತು, ಮೊದಲಿನಿಂದ ಕಲಿಯುವ ತಾಳ್ಮೆ ಇರಲಿಲ್ಲ ಎಂದು ಅವನೇ ಹೇಳಿದ್ದಾನೆ. ಬೆರಳ ತುದಿಗಳಿಲ್ಲದ ಕೈಯನ್ನಾದರೂ ಪಳಗಿಸಿದ, ಲಯ ಬಲ್ಲ ಕೈಯನ್ನು ಬಿಡಲಿಲ್ಲ. ಇದನ್ನು ನೆನೆದಾಗಲೆಲ್ಲ ಅಕ್ಕನ ಮಗಳ ಮಾತು ಕಿವಿಗೆ ಬೀಳುತ್ತದೆ. ಈ ಕೈಗೆ ತಾಳ ಗೊತ್ತಿಲ್ಲ ಸರ್.

ಎಡಚರಾಗಿದ್ದೂ ಬಲಗೈ ಗಿಟಾರನ್ನೇ ನುಡಿಸಿ ದೊಡ್ಡವರಾದವರಿದ್ದಾರೆ, ಮಾರ್ಕ್ ನಾಪ್‌ಫ್ಲರ್, ಗ್ಯಾರಿ ಮೂರ್ ಅಂಥವರು. ಎಡಗೈ ಗಿಟಾರ್ ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲ, ಗೆಳೆಯರ ಮನೆಯಲ್ಲಿ ಕೈಗೆತ್ತಿಕೊಂಡು ನುಡಿಸಲಾಗುವುದಿಲ್ಲ ಎಂಬುದೂ ನಿಜ. ಅಕ್ಕ ಮೇಷ್ಟ್ರ ಪಕ್ಷ. ಅವಳಿಗೆ ಯಾವಾಗಲೂ ಹತ್ತು ಜನರ ದಾರಿಯೇ ಸುರಕ್ಷಿತ. ಅಜ್ಜಿ ಬೆಂಬಲಿಸುತ್ತಾರೆಂದು ಯಾರೂ ಎಣಿಸಿರಲಿಲ್ಲ. ಎಡಗೈಯಲ್ಲಿ ಪ್ರಸಾದ ತೆಗೆದುಕೊಂಡರೆ ಇಂದಿಗೂ ಗದರುವ ಅಜ್ಜಿ, "ಊಟ ಬಲಗೈಯಲ್ಲಿ ಮಾಡಿಸಿದ್ದು ಸಾಲದೆ? ಬಾರಿಸುವುದನ್ನಾದರೂ ಅವಳ ಪಾಡಿಗೆ ಬಿಡಿ" ಅಂದುಬಿಟ್ಟರು. ನನ್ನ ತಕರಾರೂ ಅಷ್ಟೇ. ಬಲಗೈಯಲ್ಲಿ ನುಡಿಸುವುದಾದರೆ ಅವಳೇ ಆರಿಸಿಕೊಳ್ಳಲಿ, ಮೊದಲು ಅವಳನ್ನು ಕೇಳಿ. ಎಲಿಜಬೆತ್ ಕಾಟನ್ ಎಂಬ ಹೆಣ್ಣುಮಗಳು ತಂತಿಗಳನ್ನೂ ಬದಲಿಸದೆ ಗಿಟಾರನ್ನು ತಿರುವಿ ಹಿಡಿದಳು. ಹೆಬ್ಬೆರಳಲ್ಲಿ ರಾಗ, ಉಳಿದ ಬೆರಳುಗಳಲ್ಲಿ ಮಂದ್ರ. ಆ ಶೈಲಿಗೆ ಅವಳ ಹೆಸರೇ ನಿಂತಿತು.

ಶುಕ್ರವಾರ ಗಿಟಾರ್ ರಿಪೇರಿ ಮಾಡುವವರ ಬಳಿ ಹೋಗಿದ್ದೆವು. ತಂತಿ ಅದಲುಬದಲು ಮಾಡಿದರಷ್ಟೇ ಸಾಲದಂತೆ. ತಂತಿ ಕೂರುವ ಮೇಲಿನ ಪಟ್ಟಿಯ ಗೀರುಗಳು ಒಂದೊಂದು ತಂತಿಯ ದಪ್ಪಕ್ಕೆ ತಕ್ಕಂತೆ ಇರುವುದರಿಂದ ಪಟ್ಟಿ ಹೊಸದಾಗಬೇಕು, ಸೇತುವೆಯ ಓರೆಯನ್ನೂ ಸರಿಪಡಿಸಬೇಕು. ಮಾಡಿಕೊಡಲು ಒಪ್ಪಿದ್ದಾರೆ.

ಉಳಿದದ್ದು ಮೇಷ್ಟ್ರು. "ಎಡಗೈಗೆ ನಾನು ಹೇಗೆ ಹೇಳಿಕೊಡಲಿ?" ಎಂದು ಫೋನಿನಲ್ಲಿ ಕೇಳಿದರು, ನಿಜವಾದ ಆತಂಕದಿಂದಲೇ. ಲಿವರ್‌ಪೂಲಿನಲ್ಲಿ ಬೀಟಲ್ಸ್ ತಂಡದ ಎಡಚ ಪಾಲ್ ಮೆಕಾರ್ಟ್ನಿ ಮತ್ತು ಬಲಗೈಯ ಜಾನ್ ಲೆನನ್ ಎದುರುಬದುರು ಕುಳಿತು ಹಾಡು ಕಟ್ಟುತ್ತಿದ್ದ ವಿಷಯ ಹೇಳಿದೆ. ಒಬ್ಬರ ಬೆರಳು ಇನ್ನೊಬ್ಬರಿಗೆ ಕನ್ನಡಿಯಲ್ಲಿ ಕಂಡಂತೆ ಕಾಣುತ್ತಿತ್ತು. ಪಕ್ಕದಲ್ಲಿ ಕೂರಿಸಿಕೊಳ್ಳುವ ಬದಲು ಎದುರಿಗೆ ಕೂರಿಸಿಕೊಳ್ಳಿ ಸರ್, ಉಳಿದ ಮಕ್ಕಳಿಗಿಂತ ಇವಳಿಗೇ ಸಲೀಸು ಅಂದೆ. ಸ್ವಲ್ಪ ಯೋಚಿಸಿ, "ಸರಿ, ಕುರ್ಚಿ ತಿರುಗಿಸಿ ನೋಡೋಣ. ಅರ್ಧ ಗಂಟೆ ಮುಂಚೆ ಕಳಿಸಿ" ಅಂದರು.