ಪಕ್ಕದ ಕಪಾಟಿನ ಪುಸ್ತಕ

ಎಂಟು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ವಿಜಯಪುರದ ಗ್ರಂಥಾಲಯವೊಂದರ ಕಾದಂಬರಿಗಳ ಸಾಲಿನಲ್ಲಿ ನನಗೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಿಕ್ಕಿತು. ಅದು ಆ ಸಾಲಿನಲ್ಲಿ ಇರಬೇಕಾದ ಪುಸ್ತಕವಾಗಿರಲಿಲ್ಲ. ಯಾರೋ ಅದನ್ನು ಬೇರೆ ಕಪಾಟಿನಿಂದ ತೆಗೆದು, ಒಂದಿಷ್ಟು ತಿರುವಿ ಹಾಕಿ, ಕೈಗೆ ಹತ್ತಿರವಾದ ಜಾಗದಲ್ಲಿ ತುರುಕಿ ಹೋಗಿದ್ದರು. ಹೊರಗೆ ಹೆಜ್ಜೆಯಿಡಲಾಗದಷ್ಟು ಬಿಸಿಲು. ಒಳಗೆ ಫ್ಯಾನಿನ ಕೆಳಗಿನ ಬೆಂಚು ಖಾಲಿಯಿತ್ತು. ಹೆಸರಿನ ಮೇಲೆ ಇದೂ ಒಂದು ಕಾದಂಬರಿಯೇ ಇರಬೇಕೆಂದುಕೊಂಡು ಕುಳಿತು ತೆರೆದೆ. ಸಸ್ಯಶಾಸ್ತ್ರದ ಪ್ರಾಧ್ಯಾಪಕರೊಬ್ಬರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟಗಳಲ್ಲಿ ಗಿಡ ಹುಡುಕುತ್ತ ಅಲೆದ ಕಥನವದು. ಗಿಡಗಳ ಚಿತ್ರಗಳನ್ನೂ ಲೇಖಕರೇ ಬರೆದಿದ್ದರು. ಗ್ರಂಥಾಲಯ ಮುಚ್ಚುವ ಹೊತ್ತಿನವರೆಗೆ ನಾನು ಮೇಲೇಳಲಿಲ್ಲ.

ಆ ದಿನದವರೆಗೆ ನನ್ನ ಓದು ಎಂದರೆ ಕಾದಂಬರಿ, ಕಾದಂಬರಿ ಎಂದರೆ ಐದಾರು ಜನ ಲೇಖಕರು. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವನು. ಸಂಜೆ ಮನೆಗೆ ಬಂದ ಮೇಲೆ ಮನಸ್ಸಿಗೆ ಒಂದು ಕಥೆ ಬೇಕು ಎಂಬುದಷ್ಟೇ ನನ್ನ ಬೇಡಿಕೆಯಾಗಿತ್ತು, ಅದನ್ನು ಆ ಐದಾರು ಜನ ಚೆನ್ನಾಗಿಯೇ ಪೂರೈಸುತ್ತಿದ್ದರು. 2013ರ ಫೆಬ್ರವರಿಯಲ್ಲಿ 79ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಮ್ಮ ಊರಿನಲ್ಲೇ ನಡೆದಾಗ, ಇಲ್ಲಿನ ಅಂಗಡಿಗಳು ಎಂದೂ ತರಿಸದ ಪ್ರಕಾಶಕರೆಲ್ಲ ಸಾಲು ಸಾಲಾಗಿ ಮಳಿಗೆ ಹಾಕಿ ಕುಳಿತಿದ್ದರು. ನಾನು ಅಲ್ಲಿಗೂ ಹೋಗಿ, ಹೆಸರು ಗೊತ್ತಿದ್ದ ಲೇಖಕರ, ನಾನಿನ್ನೂ ಓದದೆ ಉಳಿದಿದ್ದ ಕಾದಂಬರಿಗಳನ್ನಷ್ಟೇ ಚೀಲಕ್ಕೆ ಹಾಕಿಕೊಂಡು ಬಂದೆ. ಪ್ರವಾಸ, ಶಾಸನ, ಕೃಷಿ, ಸಂಗೀತ, ಆತ್ಮಕಥೆ ಎಂದು ಬರೆದಿದ್ದ ಮಳಿಗೆಗಳ ಮುಂದೆ ನಿಂತ ನೆನಪೂ ನನಗಿಲ್ಲ. ಆ ದಿನವನ್ನು ನೆನೆದಾಗ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

‘ಹಸುರು ಹೊನ್ನು’ ಮುಗಿಸಿದ ಮೇಲೆ, ಇಂಥದೇ ಇನ್ನೊಂದು ಪುಸ್ತಕ ಕೊಡಿ ಎಂದು ಗ್ರಂಥಪಾಲಕರನ್ನು ಕೇಳಿದೆ. ಅವರು ನನ್ನನ್ನು ಕಪಾಟಿನ ಬಳಿ ಕರೆದುಕೊಂಡು ಹೋಗಿ, ಪುಸ್ತಕದ ಬೆನ್ನಿಗೆ ಅಂಟಿಸಿದ ಚೀಟಿಯ ಮೇಲೆ ಬೆರಳಿಟ್ಟು, “ಸರ್, ನೀವು ಲೆಕ್ಕದ ಮಾಸ್ತರರು, ಈ ನಂಬರ್ ಓದಾಕ ಕಲೀರಿ, ಆಮ್ಯಾಲ ನನ್ನ ಕೇಳೂದ ಬ್ಯಾಡ” ಎಂದರು. ಇಷ್ಟು ವರ್ಷ ಗ್ರಂಥಾಲಯಕ್ಕೆ ಹೋಗಿಬಂದರೂ ಆ ಸಂಖ್ಯೆಗಳು ಸಿಬ್ಬಂದಿಯ ಅನುಕೂಲಕ್ಕೆ ಇರುವಂಥವು ಎಂದೇ ನಾನು ತಿಳಿದಿದ್ದೆ. ಅವು ಪುಸ್ತಕದ ವಿಷಯವನ್ನು ಹೇಳುವ ಸಂಖ್ಯೆಗಳು. ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ಆ ದಶಮಾಂಶ ವರ್ಗೀಕರಣದಲ್ಲಿ ಜ್ಞಾನವನ್ನೆಲ್ಲ ಹತ್ತು ಭಾಗ ಮಾಡಿ, ಪ್ರತಿ ಭಾಗವನ್ನು ಮತ್ತೆ ಹತ್ತಾಗಿ, ಅದನ್ನು ಮತ್ತೆ ಹತ್ತಾಗಿ ಒಡೆಯುತ್ತ ಹೋಗುತ್ತಾರೆ. ದಶಮಾಂಶ ಬಿಂದುವಿನ ಆಚೆಗೆ ಎಷ್ಟು ದೂರ ಹೋದರೂ ಜಾಗ ಮುಗಿಯುವುದಿಲ್ಲ. ಕನ್ನಡ ಸಾಹಿತ್ಯ 894.814ರಲ್ಲಿದೆ. ಅದರ ಮುಂದೆ 1 ಬಂದರೆ ಕಾವ್ಯ, 2 ಬಂದರೆ ನಾಟಕ, 3 ಬಂದರೆ ಕಥೆ, ಕಾದಂಬರಿ. ಎಂದರೆ ಅಷ್ಟು ದೊಡ್ಡ ಕೋಣೆಯಲ್ಲಿ ನಾನು ಹದಿನೈದು ವರ್ಷ 894.8143 ಎಂಬ ಒಂದೇ ಒಂದು ಬಿಂದುವಿನ ಮುಂದೆ ನಿಂತು ಮರಳಿ ಬರುತ್ತಿದ್ದೆ. ಸಸ್ಯಗಳು 580ರಲ್ಲಿದ್ದವು, ಖಗೋಳ 520ರಲ್ಲಿ, ಒಕ್ಕಲುತನ 630ರಲ್ಲಿ, ಸಂಗೀತ 780ರಲ್ಲಿ, ರಂಗಭೂಮಿ 792ರಲ್ಲಿ.

ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ತಳಹದಿ ಹಾಕಿದ ಎಸ್.ಆರ್. ರಂಗನಾಥನ್ ಅವರು ಮೊದಲು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾಗಿದ್ದು, 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದವರು ಎಂಬುದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಅದೇ ಕಾಲೇಜಿನಲ್ಲಿ ಮುಂದೆ ಸ್ವಾಮಿಯವರು ಸಸ್ಯಶಾಸ್ತ್ರ ಕಲಿಸಿದರು. 1931ರಲ್ಲಿ ರಂಗನಾಥನ್ ಹೇಳಿದ ಐದು ಸೂತ್ರಗಳಲ್ಲಿ ಎರಡನೆಯದು ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎನ್ನುತ್ತದೆ, ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎನ್ನುತ್ತದೆ. ಎರಡೂ ಒಂದೇ ಮಾತೆಂದು ಮೇಲ್ನೋಟಕ್ಕೆ ಅನ್ನಿಸಬಹುದು, ಆದರೆ ಅಲ್ಲ. ಮೂರನೆಯ ಸೂತ್ರದಲ್ಲಿ ಕಾಯುತ್ತಿರುವುದು ಪುಸ್ತಕ. ನಾನು ಓದಿದ ಶಾಲೆಯಲ್ಲಿ ಒಂದು ಗಾಜಿನ ಕಪಾಟಿತ್ತು, ಅದರ ಕೀಲಿ ಮಾತ್ರ ನಾನು ಹತ್ತನೆಯ ತರಗತಿ ಮುಗಿಸಿ ಹೊರಬೀಳುವವರೆಗೂ ತೆರೆಯಲಿಲ್ಲ. ಗಾಜಿನ ಹಿಂದೆ ಕಾಣುತ್ತಿದ್ದ ಒಂದು ಹಸಿರು ಬೆನ್ನಿನ ಪುಸ್ತಕದ ಹೆಸರು ಕೊನೆಗೂ ತಿಳಿಯಲಿಲ್ಲ.

ಇನ್ನು ಒಂದು ಪುಸ್ತಕ ಇನ್ನೊಂದರ ಕಡೆಗೆ ಕೈತೋರಿಸುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನನಗೆ ಹೊಸ ಪ್ರಕಾರಗಳೆಲ್ಲ ದೊರೆತದ್ದು ಹೆಚ್ಚಾಗಿ ಈ ದಾರಿಯಿಂದಲೇ. ಸ್ವಾಮಿಯವರು ಡಿ.ವಿ.ಜಿ.ಯವರ ಮಗ. ‘ಮಂಕುತಿಮ್ಮನ ಕಗ್ಗ’ದ ಆಚೆಗೆ ಡಿ.ವಿ.ಜಿ.ಯವರನ್ನು ನಾನು ಓದಿರಲಿಲ್ಲ. ಮಗನ ಗದ್ಯ ಇಷ್ಟು ಚೆನ್ನಾಗಿರುವಾಗ ತಂದೆಯ ಗದ್ಯ ಹೇಗಿರಬಹುದೆಂದು ‘ಜ್ಞಾಪಕ ಚಿತ್ರಶಾಲೆ’ಯನ್ನು ತೆಗೆದೆ. ಅದು ಎಂಟು ಸಂಪುಟಗಳ ನೆನಪುಗಳ ಸರಣಿ, ಅದರಲ್ಲಿ ಒಂದು ಸಂಪುಟ ಪೂರ್ತಿ ಕಲಾವಿದರದು. ಅದನ್ನು ಓದಿದ ಮೇಲೆ ಸಂಗೀತಗಾರರ ಬದುಕಿನ ಬಗ್ಗೆ ಆಸೆ ಹುಟ್ಟಿ, ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರ ಆತ್ಮಕಥೆ ‘ನನ್ನ ರಸಯಾತ್ರೆ’ ಓದಿದೆ. ನಾಟಕ ಕಂಪನಿಯಲ್ಲಿ ಬೆಳೆದ ಹುಡುಗನೊಬ್ಬ ಮಿರಜಿನ ನೀಲಕಂಠಬುವಾ ಅವರ ಶಿಷ್ಯನಾಗಿ, ಮುಂದೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿಖಾನ್, ಬುರ್ಜಿಖಾನರ ಬಳಿ ಕಲಿತ ಕಥೆಯದು. ರಾಗದ ಲಕ್ಷಣ ಒಂದೂ ಗೊತ್ತಿಲ್ಲದ ನಾನು ಅದನ್ನು ಒಂದೇ ವಾರದಲ್ಲಿ ಎರಡು ಸಲ ಓದಿದೆ.

ಸಂಗೀತದ ದಾರಿ ಹಿಡಿದು ಹೋದವನು ಮರಳಿ ಬಂದು ನಿಂತದ್ದು ನನ್ನ ಊರಿನಲ್ಲಿಯೇ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ‘ಕಿತಾಬೆ ನೌರಸ್’ ದಖನಿ ಭಾಷೆಯ ಹಾಡುಗಳ ಪುಸ್ತಕ. ರಾಗಗಳ ಹೆಸರಿನಲ್ಲಿ ಜೋಡಿಸಿದ ಆ ಹಾಡುಗಳಲ್ಲಿ ಸರಸ್ವತಿಯ, ಗಣಪತಿಯ ಸ್ತುತಿಗಳಿವೆ. ಆ ದೊರೆ 1599ರಲ್ಲಿ ಕಟ್ಟಲು ತೊಡಗಿದ ನೌರಸಪುರದ ಅವಶೇಷಗಳು ತೊರವಿಯ ಕಡೆ ಇಂದಿಗೂ ನಿಂತಿವೆ. ನಾನು ಚಿಕ್ಕಂದಿನಿಂದ ಆ ದಾರಿಯಲ್ಲಿ ತಿರುಗಾಡಿದ್ದೇನೆ, ಆ ಗೋಡೆಗಳ ನೆರಳಿನಲ್ಲಿ ಬುತ್ತಿ ಬಿಚ್ಚಿ ಉಂಡಿದ್ದೇನೆ. ಅದರ ಹೆಸರಿನಲ್ಲಿ ಒಂಬತ್ತು ರಸಗಳಿವೆ ಎಂಬುದು ತಿಳಿಯಲು ಪಶ್ಚಿಮ ಘಟ್ಟದ ಗಿಡಗಳ ಮೇಲಿನ ಒಂದು ಪುಸ್ತಕ ತಪ್ಪು ಕಪಾಟಿಗೆ ಬರಬೇಕಾಯಿತು.

ಇತಿಹಾಸದ ಓದು ಅಲ್ಲಿಂದ ಶುರುವಾಯಿತು. ಅದಕ್ಕೂ ಹಿಂದೆ, 1570ರ ಸುಮಾರಿಗೆ, ಇದೇ ಊರಿನಲ್ಲಿ ‘ನುಜೂಮ್ ಅಲ್ ಉಲೂಮ್’ ಎಂಬ ಸಚಿತ್ರ ಹಸ್ತಪ್ರತಿ ಸಿದ್ಧವಾಗಿತ್ತು. ಗ್ರಹನಕ್ಷತ್ರಗಳಿಂದ ಹಿಡಿದು ಆನೆ, ಕುದುರೆ, ಆಯುಧಗಳವರೆಗೆ ಎಲ್ಲವೂ ಅದರಲ್ಲಿವೆ, ಈಗ ಅದು ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಡ್ಯೂಯಿಯ ಹತ್ತು ಭಾಗಗಳಿಗೆ ಮುನ್ನೂರು ವರ್ಷ ಮೊದಲು ನಮ್ಮ ಊರಿನಲ್ಲಿ ಒಬ್ಬರು ಇಷ್ಟೆಲ್ಲವನ್ನೂ ಒಂದೇ ರಟ್ಟಿನೊಳಗೆ ಕಟ್ಟಿದ್ದರು.

ಜಾನಪದದ ಕಡೆಗೆ ನಾನು ಬಂದದ್ದು ತಡವಾಗಿ, ಅದೂ ಹಿಂಜರಿಯುತ್ತ. ನಮ್ಮದು ಇಂಡಿ ತಾಲೂಕಿನ ಹಳ್ಳಿ. ಈಗ ಚಡಚಣ ತಾಲೂಕಿಗೆ ಸೇರಿರುವ ಹಲಸಂಗಿಯೂ ಮೊದಲು ಅದೇ ತಾಲೂಕಿನಲ್ಲಿತ್ತು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಹೊರತಂದರು ಎಂಬುದನ್ನು ನಾವೆಲ್ಲ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು, ಪುಸ್ತಕವನ್ನು ಮಾತ್ರ ತೆರೆದಿರಲಿಲ್ಲ. ಒಂದು ರವಿವಾರ ಅದನ್ನು ಮನೆಗೆ ತಂದು, ಪಡಸಾಲೆಯಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದ ನನ್ನ ತಾಯಿಗೆ ಕೇಳಿಸುವಂತೆ ಓದತೊಡಗಿದೆ. ನಾನು ಎರಡು ಸಾಲು ಓದುವಷ್ಟರಲ್ಲಿ ಅವಳು ಮೂರನೆಯದನ್ನು ಹೇಳಿಬಿಟ್ಟಳು. ಇನ್ನೊಂದು ತ್ರಿಪದಿ ಓದಿದೆ. ಅವಳು ಮೊರವನ್ನು ಪಕ್ಕಕ್ಕಿಟ್ಟು, “ನಮ್ಮ ಕಡೆ ಹಂಗ ಅನ್ನೂದಿಲ್ಲೋ” ಎಂದು ತನ್ನ ತವರಾದ ಮಹಾರಾಷ್ಟ್ರದ ಅಕ್ಕಲಕೋಟೆಯ ಕಡೆಯ ಪಾಠವನ್ನು ಹಾಡಿ ತೋರಿಸಿದಳು. ಅಚ್ಚಿನಲ್ಲಿ ಮೂರೇ ಸಾಲಿದ್ದರೂ ಅವಳ ಬಾಯಲ್ಲಿ ಎರಡನೆಯ ಸಾಲು ಮರಳಿ ಬಂದು ನಾಲ್ಕಾಗುತ್ತಿತ್ತು, ಮತ್ತು ಹಾಗೆ ಮರಳುವಾಗ ಅವಳ ಬಲಗೈ ಬೀಸುಕಲ್ಲಿನ ಗೂಟ ಹಿಡಿದಂತೆ ಗಾಳಿಯಲ್ಲಿ ಅರ್ಧ ಸುತ್ತು ತಿರುಗುತ್ತಿತ್ತು. ಆ ಕೈಯನ್ನು ನೋಡುವವರೆಗೆ ಛಂದಸ್ಸು ಎಂಬುದು ಪಠ್ಯಪುಸ್ತಕದ ಮಾತಾಗಿತ್ತು.

ಮುಂದಿನ ರಜೆಯಲ್ಲಿ ಬಾದಾಮಿಗೆ ಹೋಗಿ ಕಪ್ಪೆ ಅರಭಟ್ಟನ ಶಾಸನದ ಮುಂದೆ ನಿಂತೆ. ಅದು ಸುಮಾರು ಕ್ರಿ.ಶ. 700ರದು, “ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ” ಎಂಬ ಅದರ ಸಾಲನ್ನು ನಮ್ಮಲ್ಲಿ ಕೇಳದವರು ಕಡಿಮೆ. ಅದೂ ತ್ರಿಪದಿ. ನನ್ನ ತಾಯಿ ಜೋಳದ ಮೊರ ಕೆಳಗಿಟ್ಟು ಹಾಡಿದ ಮಟ್ಟು ಸಾವಿರದ ಮುನ್ನೂರು ವರ್ಷಗಳ ಹಿಂದೆ ಆ ಬಂಡೆಯ ಮೇಲಿತ್ತು. ಶಾಸನಗಳ ಸಂಪುಟಗಳು ಓದಲು ಒಣಕಲು ಎಂಬುದು ನನ್ನ ತಿಳಿವಳಿಕೆಯಾಗಿತ್ತು. ಈಗ ಅವುಗಳಲ್ಲಿ ದಾನದ ವಿವರ, ಹೊಲದ ಮೇರೆ, ಕೆರೆಯ ಹೆಸರುಗಳನ್ನು ಹುಡುಕುತ್ತ ಗಂಟೆಗಟ್ಟಲೆ ಕುಳಿತಿರುತ್ತೇನೆ.

ಆತ್ಮಕಥೆಗಳಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಅಲುಗಾಡಿಸಿದ್ದು ಅರವಿಂದ ಮಾಲಗತ್ತಿಯವರ ದಲಿತ ಆತ್ಮಕಥೆ ‘ಗೌರ್ಮೆಂಟ್ ಬ್ರಾಹ್ಮಣ’. ಲೇಖಕರು ನಮ್ಮದೇ ಜಿಲ್ಲೆಯ ಮುದ್ದೇಬಿಹಾಳದವರು, ಪುಸ್ತಕ 1994ರದು. ನಾನು ಬಲ್ಲ ಊರಿನ, ನಾನು ಬಲ್ಲ ಮಾತಿನ ನಡುವೆ, ನನಗೆ ಕಾಣದೆ ಉಳಿದಿದ್ದ ಇನ್ನೊಂದು ಊರು ಅದರಲ್ಲಿತ್ತು. ಓದಿದ ನಂತರ ಕೆಲವು ದಿನ ತರಗತಿಯಲ್ಲಿ ಹುಡುಗರು ಎಲ್ಲೆಲ್ಲಿ ಕುಳಿತುಕೊಳ್ಳುತ್ತಾರೆ ಎಂಬುದನ್ನು ಸುಮ್ಮನೆ ಗಮನಿಸುತ್ತಿದ್ದೆ. ಅಲ್ಲಿಂದ ಮರಾಠಿಯ ದಯಾ ಪವಾರರ ‘ಬಲುತಂ’ ಕಡೆಗೆ ಹೋದೆ, 1978ರಲ್ಲಿ ಬಂದದ್ದು. ಭೀಮಾ ನದಿಯ ಈ ದಂಡೆಯವರಿಗೆ ಮರಾಠಿ ಕಿವಿಗೆ ಹೊಸದಲ್ಲ, ಕಣ್ಣಿಗೆ ಮಾತ್ರ ಹೊಸದು. ನಿಧಾನವಾಗಿ, ತಾಯಿಗೆ ಶಬ್ದ ಕೇಳುತ್ತ ಓದಿದೆ. ಗಡಿಯ ಜಿಲ್ಲೆಗಳಲ್ಲಿ ಇರುವವರು ಈ ಅನುಕೂಲವನ್ನು ಬಿಡಬಾರದು ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಪತ್ತೇದಾರಿ ಕಥೆಗಳು ನನಗೆ ಹಿಡಿಸಲಿಲ್ಲ. ಮೂರು ಓದಿ ಬಿಟ್ಟೆ. ಪ್ರವಾಸ ಸಾಹಿತ್ಯದಲ್ಲಿ ಇಳಿದ ಹೋಟೆಲು, ತಿಂದ ತಿಂಡಿಗಳ ಪಟ್ಟಿಯೇ ಹೆಚ್ಚಾಗಿರುವ ಪುಸ್ತಕಗಳು ಬಹಳ, ಅವುಗಳ ನಡುವೆ ಒಳ್ಳೆಯದನ್ನು ಆರಿಸಲು ತಾಳ್ಮೆ ಬೇಕು. ನಾಟಕಗಳನ್ನು ಓದುವುದಕ್ಕಿಂತ ನೋಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ, ಅದರಲ್ಲೂ ಶ್ರೀಕೃಷ್ಣ ಪಾರಿಜಾತದಂಥ ನಮ್ಮ ಬಯಲಾಟವನ್ನು ಹಾಳೆಯ ಮೇಲೆ ಹಿಡಿಯುವುದು ಸಾಧ್ಯವೇ ಇಲ್ಲ.

ಫೋನಿನಲ್ಲಿ ಬರುವ ‘ನೀವು ಓದಲೇಬೇಕಾದ’ ಪಟ್ಟಿಗಳನ್ನು ನಾನು ಕೆಲವು ಕಾಲ ಅನುಸರಿಸಿದೆ. ಅವು ಕೆಟ್ಟವಲ್ಲ, ಆದರೆ ನಾನು ಒಮ್ಮೆ ಕಾದಂಬರಿ ಹುಡುಕಿದರೆ ಮತ್ತೆ ಮತ್ತೆ ಕಾದಂಬರಿಯನ್ನೇ ಮುಂದಿಡುತ್ತವೆ. ಅದಕ್ಕಿಂತ ಒಳ್ಳೆಯ ಪುಸ್ತಕಗಳು ನನಗೆ ರದ್ದಿ ಅಂಗಡಿಯಲ್ಲಿ ಸಿಕ್ಕಿವೆ. ಅಲ್ಲಿ ಎಲ್ಲವನ್ನೂ ಕಿಲೋ ಲೆಕ್ಕದಲ್ಲಿ ತೂಗುವುದರಿಂದ ಪಂಚಾಂಗದ ಕೆಳಗೆ ದ್ರಾಕ್ಷಿ ಬೆಳೆಯ ಕೈಪಿಡಿ, ಅದರ ಕೆಳಗೆ ವಚನ ಸಂಪುಟ, ಅದರ ಕೆಳಗೆ ಹೋಮಿಯೋಪಥಿ ಎಂದು ಯಾವ ವರ್ಗೀಕರಣವೂ ಇಲ್ಲದೆ ಬಿದ್ದಿರುತ್ತವೆ. ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದು, ಮುಂದೆ ಇದೇ ಊರಿನಲ್ಲಿ ಸ್ವಂತ ಮುದ್ರಣಾಲಯ ನಡೆಸಿ, 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ಅಚ್ಚು ಹಾಕಿದರು. ಅದರ ಒಂದು ಹಳೆಯ ಸಂಚಿಕೆ, ಮುಖಪುಟ ಹರಿದದ್ದು, ನನಗೆ ಅಂಥ ರಾಶಿಯಿಂದಲೇ ದೊರೆಯಿತು. ಅದರ ಹಾಳೆ ಹಪ್ಪಳದಂತೆ ಮುರಿಯುತ್ತದೆ, ಆದ್ದರಿಂದ ಬಿಳಿಯ ಹತ್ತಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ.

ಕಳೆದ ತಿಂಗಳು ನಮ್ಮ ಹಳ್ಳಿಯ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿದ್ದೆ. ಈಗ ಅದನ್ನು ಅರಿವು ಕೇಂದ್ರ ಎನ್ನುತ್ತಾರೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕಥೆಪುಸ್ತಕಗಳ ಕಪಾಟಿನ ಮುಂದೆ ನಿಂತಿದ್ದಳು. ಅವಳ ಪಕ್ಕದ ಕಪಾಟಿನಲ್ಲಿ ನಕ್ಷತ್ರಗಳ ಮೇಲಿನ ಒಂದು ಚಿಕ್ಕ ಪುಸ್ತಕವಿತ್ತು. ಕೊನೆಯ ಪುಟದಲ್ಲಿ ಅಂಟಿಸಿದ ದಿನಾಂಕದ ಚೀಟಿಯ ಮೇಲೆ ಒಂದೂ ಮುದ್ರೆ ಬಿದ್ದಿರಲಿಲ್ಲ. ಅದನ್ನು ತೆಗೆದು, ಏನೂ ಹೇಳದೆ, ಕಥೆಪುಸ್ತಕಗಳ ಸಾಲಿನಲ್ಲಿ ಅವಳ ಕೈಗೆಟಕುವ ಎತ್ತರಕ್ಕೆ ಇಟ್ಟು ಬಂದೆ.