ತಂತಿಯಿಂದ ಆರಂಭಿಸಬೇಕು, ಬ್ಯಾಟರಿಯಿಂದಲ್ಲ

ಅಪ್ಪ 1984ರಲ್ಲಿ ಕೊಂಡ ಯೆಜ್ಡಿ ಬೈಕು ಸಿಂಧನೂರಿನ ನಮ್ಮ ಮನೆಯಲ್ಲಿ ಈಗಲೂ ಓಡುವ ಸ್ಥಿತಿಯಲ್ಲಿದೆ. ಇದನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೆ ಇದರ ಬಿಡಿಭಾಗಗಳಿಗಾಗಿ ಊರೂರು ಅಲೆಯಬೇಕಾಗಿದೆಯಾದರೂ, ವೈರಿಂಗನ್ನು ಮಾತ್ರ ತಾಳ್ಮೆಯಿದ್ದರೆ ಮನೆಯಲ್ಲಿಯೇ ಹೊಸದಾಗಿ ಮಾಡಿಕೊಳ್ಳಬಹುದು.

ಹೋದ ಸುಗ್ಗಿಯಲ್ಲಿ ಮಾನ್ವಿಯಿಂದ ರಾತ್ರಿ ಮರಳುವಾಗ ಹೆಡ್‌ಲೈಟು ಮಂಕಾಗಿ, ಎದುರಿನ ಭತ್ತದ ಟ್ರ್ಯಾಕ್ಟರು ಹತ್ತಿರ ಬರುವವರೆಗೂ ಕಾಣಲಿಲ್ಲ. ಮರುದಿನ ಮೆಕ್ಯಾನಿಕ್ "ಬ್ಯಾಟರಿ ಸತ್ತೈತ್ರಿ, ಬ್ಯಾರೇದ್ ಹಾಕ್ರಿ" ಎಂದರು. ನಮ್ಮ ಗಾಡಿಗೆ ಹೊಂದುವ 6 ವೋಲ್ಟಿನದು ಬೇಕೆಂದಾಗ ಅಂಗಡಿಯಲ್ಲಿ ಸಿಕ್ಕಿದ್ದು ಎಲೆಕ್ಟ್ರಾನಿಕ್ ತಕ್ಕಡಿಗೆ ಹಾಕುವ, 4.5 ಆಂಪಿಯರ್-ಅವರ್ ಸಾಮರ್ಥ್ಯದ ಚಿಕ್ಕ ಬ್ಯಾಟರಿ. ಅದು ಹದಿನೈದು ದಿನವೂ ಬಾಳಲಿಲ್ಲ.

ಆಗ ಕಾಗದ ಹಿಡಿದು ಲೆಕ್ಕ ಹಾಕಿದೆ. ವಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 35 ವಾಟಿನ ಬಲ್ಬು 12 ವೋಲ್ಟಿನ ಗಾಡಿಯಲ್ಲಿ 2.9 ಆಂಪಿಯರ್ ಎಳೆದರೆ, 6 ವೋಲ್ಟಿನ ಗಾಡಿಯಲ್ಲಿ 5.8 ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯಿಂದ ದೀಪದವರೆಗೆ ಎರಡು ಮೀಟರ್ ಉದ್ದದ, 0.5 ಚದರ ಮಿಲಿಮೀಟರಿನ ತಂತಿಯಿದ್ದರೆ ದಾರಿಯಲ್ಲಿಯೇ ಸುಮಾರು 0.4 ವೋಲ್ಟ್ ಕಳೆದುಹೋಗುತ್ತದೆ. ವೋಲ್ಟ್ ಇಳಿಯುವುದಕ್ಕಿಂತ ಬಲ್ಬಿನ ಬೆಳಕು ಹೆಚ್ಚು ಇಳಿಯುವುದರಿಂದ, ಆರರಲ್ಲಿ ಅಷ್ಟು ಹೋದರೆ ಬೆಳಕಿನ ಐದನೆಯ ಒಂದು ಭಾಗವೇ ಹೋದಂತೆ. ಅದೇ ಜಾಗಕ್ಕೆ 1.5 ಚದರ ಮಿಲಿಮೀಟರಿನ ತಂತಿ ಹಾಕಿದರೆ ನಷ್ಟ 0.13 ವೋಲ್ಟಿಗೆ ಇಳಿಯುತ್ತದೆ. ಆದ್ದರಿಂದಲೇ 6 ವೋಲ್ಟಿನ ಹಳೆಯ ಗಾಡಿಗೆ ದಪ್ಪ ತಂತಿ ಬೇಕೇ ಬೇಕು ಎನ್ನುತ್ತೇನೆ.

ಆದರೆ ನನ್ನ ಗಾಡಿಯ ದೊಡ್ಡ ದೋಷ ಅರ್ಥಿಂಗಿನಲ್ಲಿ, ಅಂದರೆ ಕರೆಂಟು ಫ್ರೇಮಿನ ಮೂಲಕ ಬ್ಯಾಟರಿಗೆ ಮರಳುವ ದಾರಿಯಲ್ಲಿತ್ತು. ದೀಪ ಉರಿಯುತ್ತಿರುವಾಗ ಮಲ್ಟಿಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೆ, ಇನ್ನೊಂದನ್ನು ಬಲ್ಬಿನ ಹೋಲ್ಡರಿನ ಲೋಹಕ್ಕೆ ತಾಗಿಸಿದೆ. ಸೊನ್ನೆಯ ಹತ್ತಿರ ಇರಬೇಕಾದದ್ದು 0.6 ವೋಲ್ಟ್ ತೋರಿಸಿತು. ಫ್ರೇಮಿನ ಬೋಲ್ಟ್ ಬಿಚ್ಚಿದರೆ ತಂತಿಯ ತುದಿಯ ಲೋಹದ ಬಳೆಯ (ಲಗ್ಗಿನ) ಕೆಳಗೆ ಯಾರೋ ಹಿಂದೆ ಬಳಿದ ಕಪ್ಪು ಬಣ್ಣ, ಅದರಡಿಯಲ್ಲಿ ಇಟ್ಟಿಗೆಪುಡಿಯಂಥ ತುಕ್ಕು. ಮರಳು ಕಾಗದದಿಂದ ಬಿಳಿ ಲೋಹ ಕಾಣುವವರೆಗೆ ಉಜ್ಜಿ, ವ್ಯಾಸಲೀನ್ ಸವರಿ ಬಿಗಿದ ಮೇಲೆ ಅದೇ ಅಳತೆ 0.05ಕ್ಕೆ ಬಂದಿತು. ಎರಡು ಬ್ಯಾಟರಿಗಳ ಮೇಲೆ ಸುಮ್ಮನೆ ತಪ್ಪು ಹೊರಿಸಿದ್ದೆವು.

ಫ್ಯೂಸು ಕಾಯುವುದು ಬಲ್ಬನ್ನಲ್ಲ, ತಂತಿಯನ್ನು. ತಂತಿ ಸಹಿಸುವುದಕ್ಕಿಂತ ಕಡಿಮೆ, ಗಾಡಿ ನಿಜವಾಗಿ ಎಳೆಯುವುದಕ್ಕಿಂತ ಸ್ವಲ್ಪ ಹೆಚ್ಚು ಇರುವ ಫ್ಯೂಸೇ ಸರಿಯಾದ ಫ್ಯೂಸು. ಬ್ಯಾಟರಿಯ ಪಕ್ಕದ ಮುಖ್ಯ ತಂತಿಗೆ 15 ಆಂಪಿಯರಿನದು ಹಾಕಿದ್ದೇನೆ. ಹಿಂದಿನ ದೀಪಕ್ಕೆ ಹೋಗುವ ತೆಳು ತಂತಿಗೆ ಪ್ರತ್ಯೇಕವಾಗಿ 5 ಆಂಪಿಯರಿನದು ಇದೆ. ಫ್ಯೂಸು ಹೋದಾಗ ಬಿಸಾಡುವ ಮೊದಲು ಗಾಜಿನ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಬೇಕು: ಎಳೆ ನಡುವೆ ಮೆತ್ತಗೆ ಕರಗಿ ತುಂಡಾಗಿದ್ದರೆ ಹೊರೆ ಹೆಚ್ಚಾಗಿದೆ, ಒಳಗೋಡೆಗೆ ಕಪ್ಪು ಮಸಿ ಹರಡಿದ್ದರೆ ಎಲ್ಲೋ ನೇರ ಶಾರ್ಟ್ ಆಗಿದೆ. ಸಿಗರೇಟಿನ ಬೆಳ್ಳಿ ಕಾಗದ ಸುತ್ತಿ ಊರು ಸೇರುವ ರೂಢಿ ನಮ್ಮ ಕಡೆ ಬಹಳವಿದೆ. ಪೆಟ್ರೋಲ್ ಟ್ಯಾಂಕಿನ ಕೆಳಗೇ ತಂತಿಗಳು ಹಾದುಹೋಗುವ ಗಾಡಿಯಲ್ಲಿ ದಯವಿಟ್ಟು ಹಾಗೆ ಮಾಡಬೇಡಿ.

ಮನೆಯ ವೈರಿಂಗಿಗೆ ಬಳಸುವ ಒಂಟಿ ಎಳೆಯ ಗಡಸು ತಂತಿ ಗಾಡಿಯ ಅದುರುವಿಕೆಗೆ ಒಳಗೊಳಗೇ ಮುರಿಯುತ್ತದೆ. ಹಲವು ಎಳೆಗಳ ವಾಹನದ ತಂತಿಯನ್ನೇ ತರಬೇಕು. ಹ್ಯಾಂಡಲ್ ತಿರುಗುವ ಕುತ್ತಿಗೆಯ ಬಳಿ ತುಸು ಸಡಿಲು ಬಿಟ್ಟು, ತಂತಿಯ ಮೇಲೆ ಕಾಪಿನ ಕೊಳವೆ (ಸ್ಲೀವ್) ಹಾಕಬೇಕು, ಏಕೆಂದರೆ ಅಲ್ಲಿಯೇ ತಂತಿ ಸವೆಯುವುದು. ಭತ್ತದ ಚೀಲಗಳ ಪಕ್ಕದಲ್ಲಿ ಗಾಡಿ ನಿಲ್ಲಿಸುವವರು ಇಲಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಬ್ಯಾಟರಿಯನ್ನು ಕಡೆಯಲ್ಲಿ ತಂದೆ: ಪೆಟ್ಟಿಗೆಯಲ್ಲಿ ಕೂರುವ, 6 ವೋಲ್ಟಿನ 12 ಆಂಪಿಯರ್-ಅವರ್ ಬ್ಯಾಟರಿ. ಮೊದಲ ಚಾರ್ಜನ್ನು ಸಾಮರ್ಥ್ಯದ ಹತ್ತನೆಯ ಒಂದು ಭಾಗ, ಅಂದರೆ 1.2 ಆಂಪಿಯರಿನಲ್ಲಿ ನಿಧಾನವಾಗಿ ಮಾಡಿಸಿದೆ. ಸೀಲ್ ಆದ ಬ್ಯಾಟರಿ ಬೇಡವೆಂದದ್ದಕ್ಕೆ ಕಾರಣವಿದೆ. ಚಾರ್ಜಿನ ವೋಲ್ಟನ್ನು ಹಿಡಿತದಲ್ಲಿಡಬೇಕಾದ ಹಳೆಯ ರೆಗ್ಯುಲೇಟರು ಕೆಲವೊಮ್ಮೆ 7.5 ವೋಲ್ಟ್ ದಾಟಿಸಿಬಿಡುತ್ತದೆ, ಆಗ ಸೀಲ್ ಆದದ್ದರೊಳಗೆ ಕಳೆದ ನೀರನ್ನು ತುಂಬುವ ದಾರಿಯೇ ಇಲ್ಲ. ರಾಯಚೂರು ಸೀಮೆಯ ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಮುಚ್ಚಳ ತೆಗೆದು, ನಲ್ಲಿ ನೀರನ್ನಲ್ಲ, ಡಿಸ್ಟಿಲ್ಡ್ ನೀರನ್ನು ಮೇಲಿನ ಗೆರೆಯವರೆಗೆ ಹಾಕುತ್ತೇನೆ.