ಪ್ಯಾಕಿಂಗ್ ಮೇಷ್ಟ್ರು

ನಮ್ಮ ವರ್ಕ್‌ಶಾಪ್ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ನಾನು ಪೀಣ್ಯದ ನನ್ನ ಶೆಡ್ಡಿನಲ್ಲಿ ಹೊಸ ಹುಡುಗನೊಬ್ಬನಿಗೆ ಜಾಬಿನ, ಅಂದರೆ ಕೊರೆಯಬೇಕಾದ ಲೋಹದ ತುಂಡಿನ, ಕೆಳಗೆ ಪ್ಯಾರಲಲ್ ಎಂಬ ಸಮದಪ್ಪದ ಉಕ್ಕಿನ ಪಟ್ಟಿ ಇಡುವುದನ್ನು ತೋರಿಸುತ್ತಿದ್ದೆ. ಲೇಖನಕ್ಕೆ ಒದಗಲೆಂದು ಹೊಂದಿಸಿದ ಮಾತಲ್ಲ ಇದು; ಆ ಕೆಲಸ ನನ್ನಲ್ಲಿ ದಿನಕ್ಕೆ ನಾಲ್ಕು ಬಾರಿ ನಡೆಯುತ್ತದೆ.

ನಾನು ಡಿಪ್ಲೊಮಾ ಎರಡನೆಯ ವರ್ಷದಲ್ಲಿದ್ದದ್ದು 1986ರಲ್ಲಿ. ಓದಿದ ವಿಷಯಗಳ ಪಟ್ಟಿ ಕೇಳಿದರೆ ಈಗ ಅರ್ಧವನ್ನೂ ಹೇಳಲಾರೆ. ಆದರೆ ವರ್ಕ್‌ಶಾಪಿನ ನೆಲದ ಮೇಲೆ ಯಾವ ಯಂತ್ರ ಎಲ್ಲಿತ್ತೆಂಬುದನ್ನು ಕಣ್ಣು ಮುಚ್ಚಿ ಹೇಳಬಲ್ಲೆ. ಬಾಗಿಲ ಬಳಿ ಜಾಬನ್ನು ತಿರುಗಿಸಿ ಕೊರೆಯುವ ಹರಿಹರದ ಕಿರ್ಲೋಸ್ಕರ್ ಲೇತುಗಳ ಸಾಲು, ನಡುವೆ ಕಟರನ್ನು ತಿರುಗಿಸಿ ಕೊರೆಯುವ ಎಚ್‌ಎಂಟಿಯ ಮಿಲ್ಲಿಂಗ್ ಮಷೀನು, ಮೂಲೆಯಲ್ಲಿ ಯಾರೂ ಇಷ್ಟಪಡದ ಒಂದು ಜೋಡು ಯಂತ್ರ. ಆಸ್ಟ್ರಿಯಾದ ಎಮ್ಕೊ ಮ್ಯಾಕ್ಸಿಮ್ಯಾಟ್‌ನಂಥವುಗಳ ಜಾತಿಗೆ ಸೇರಿದ ಅದು ಲೇತೂ ಹೌದು, ಮಿಲ್ಲೂ ಹೌದು; ಲೇತಿನ ಬೆನ್ನಿಗೆ ನಿಂತ ದುಂಡು ಕಂಬದ ಮೇಲೆ ಮಿಲ್ಲಿಂಗ್ ಹೆಡ್ಡು ಕುಳಿತಿತ್ತು. ದೊಡ್ಡ ಮಿಲ್ಲಿಂಗ್ ಮಷೀನು ಮೂರನೆಯ ವರ್ಷದವರ ಸ್ವತ್ತಾಗಿದ್ದುದರಿಂದ ನಮ್ಮ ಪಾಲಿಗೆ ಬರುತ್ತಿದ್ದುದು ಇದೇ.

ಮಿಲ್ಲಿಂಗ್ ಮಷೀನಿನಲ್ಲಿ ಹ್ಯಾಂಡಲ್ ತಿರುಗಿಸಿದರೆ ಟೇಬಲ್ ತಾನೇ ಮೇಲೇರಿ ಜಾಬನ್ನು ಕಟರಿಗೆ ಒಪ್ಪಿಸುತ್ತದೆ. ಜೋಡು ಯಂತ್ರದಲ್ಲಿ ಟೇಬಲ್ ಎಂದರೆ ಲೇತಿನ ಕ್ರಾಸ್ ಸ್ಲೈಡೇ. ಅದು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಹೋಗುತ್ತದೆಯೇ ಹೊರತು ಒಂದು ಕೂದಲೆಳೆಯಷ್ಟೂ ಮೇಲೇರುವುದಿಲ್ಲ. ಹೆಡ್ಡನ್ನೇ ಕೆಳಗಿಳಿಸೋಣವೆಂದು ಕಂಬದ ಬೋಲ್ಟು ಸಡಿಲಿಸಿದರೆ ಹೆಡ್ಡು ತುಸು ತಿರುಗಿಬಿಟ್ಟು, ಅರ್ಧ ಗಂಟೆ ಕೂತು ಹಿಡಿದ ಸೆಂಟರು ಕೈತಪ್ಪುತ್ತಿತ್ತು. ಹಾಗಾಗಿ ನಾವು ಕಂಡುಕೊಂಡ ಸುಲಭದ ದಾರಿಯೆಂದರೆ ಕಟರನ್ನು ತಿರುಗಿಸುವ ಸ್ಪಿಂಡಲಿನ ಕ್ವಿಲ್ಲನ್ನು, ಅಂದರೆ ಹೆಡ್ಡಿನಿಂದ ಕೆಳಗಿಳಿಯುವ ಕೊಳವೆಯನ್ನು, ಪೂರ್ತಿ ಹೊರಗೆಳೆದು, ಕಟರನ್ನು ಕೊಕ್ಕರೆಯ ಕೊಕ್ಕಿನಂತೆ ಜಾಬಿನವರೆಗೆ ಚಾಚುವುದು. ಕಟ್ ಕೊಟ್ಟ ಕೂಡಲೇ ಇಡೀ ಶೆಡ್ಡು ಕಿರುಚುವಷ್ಟು ಚಾಟರ್, ಅಂದರೆ ಕಟರಿನ ನಡುಕ, ಬರುತ್ತಿತ್ತು.

ಮೇಷ್ಟ್ರು ಬೈಯಲಿಲ್ಲ. ಒಂದು ಹ್ಯಾಕ್ಸಾ ಬ್ಲೇಡನ್ನು ಅಡ್ಡಡ್ಡಲಾಗಿ ವೈಸಿಗೆ ಕಚ್ಚಿಸಿ, ನಾಲ್ಕು ಅಂಗುಲ ಹೊರಗೆ ಬಿಟ್ಟು, ತುದಿಗೆ ಸ್ಟೋರ್ ರೂಮಿನ ಸಣ್ಣ ಬೀಗವನ್ನು ತೂಗುಹಾಕಿದರು. ಬ್ಲೇಡು ಬಾಗಿದ್ದು ಕಂಡೂ ಕಾಣದಂತೆ. ಅನಂತರ ಅದನ್ನೇ ಎಂಟು ಅಂಗುಲ ಹೊರಗೆಳೆದು ಅದೇ ಬೀಗ ಹಾಕಿದಾಗ ತುದಿ ಬಗ್ಗಿ ನಮಸ್ಕಾರ ಮಾಡಿತು. "ಉದ್ದ ಎರಡರಷ್ಟಾದರೆ ಬಾಗು ಎಂಟರಷ್ಟು ಕಣಯ್ಯಾ. ಕಟರನ್ನು ಕೆಳಗೆ ಎಳೀಬೇಡ, ಜಾಬನ್ನು ಮೇಲಕ್ಕೆ ತಾ" ಎಂದರು. ಮೇಲಕ್ಕೆ ತರುವುದೆಂದರೆ ಬೀಡುಕಬ್ಬಿಣದ ದಪ್ಪ ಬ್ಲಾಕು, ಅದರ ಮೇಲೆ ಗ್ರೈಂಡ್ ಮಾಡಿದ ಒಂದು ಜೊತೆ ಪ್ಯಾರಲಲ್, ಅದರ ಮೇಲೆ ಜಾಬು, ಎಲ್ಲವನ್ನೂ ಟೇಬಲಿಗೆ ಬಿಗಿಯಲು ಉದ್ದನೆಯ ಟೀ-ಬೋಲ್ಟುಗಳು. ಬೋಲ್ಟು ಜಾಬಿಗೆ ಹತ್ತಿರವಿರಬೇಕು, ಕ್ಲ್ಯಾಂಪಿನ ಹಿಂಬದಿ ಜಾಬಿಗಿಂತ ಒಂದು ಎಳೆ ಎತ್ತರವಿರಬೇಕು. ತಗ್ಗಾಗಿದ್ದರೆ ಒತ್ತಡವೆಲ್ಲ ಜಾಬಿನ ಅಂಚಿಗೆ ಬಿದ್ದು ಅದು ಜಾರುತ್ತದೆ. ಪ್ರತಿ ಮೂಲೆಯಲ್ಲೂ ಜಾಬಿನ ಅಡಿಗೆ ಪತ್ರಿಕೆಯ ಒಂದೊಂದು ಚೂರು ಇಟ್ಟು, ಬಿಗಿದ ಮೇಲೆ ನಾಲ್ಕನ್ನೂ ಎಳೆದು ನೋಡದೆ ಅವರು ಸ್ವಿಚ್ ಹಾಕಲು ಬಿಡುತ್ತಿರಲಿಲ್ಲ; ಚೂರು ಸಡಿಲವಾಗಿ ಬಂದರೆ ಆ ಮೂಲೆಯಲ್ಲಿ ಜಾಬು ಸರಿಯಾಗಿ ಕೂತಿಲ್ಲವೆಂದರ್ಥ. ಜಾಬಿನ ಅಡಿಗೆ ಹೀಗೆ ಇಡುವ ಆಸರೆಗೆ ಪ್ಯಾಕಿಂಗ್ ಎನ್ನುತ್ತಾರೆ. ಈ ಕಾರಣಕ್ಕೇ ಅವರು ನಮ್ಮ ಬಾಯಲ್ಲಿ 'ಪ್ಯಾಕಿಂಗ್ ಮೇಷ್ಟ್ರು' ಆದದ್ದು.

ವರ್ಕ್‌ಶಾಪಿನ ಹಿಂದೆ ಒಂದು ಕಾಡುಬಾದಾಮಿ ಮರವಿತ್ತು. ಅದರ ಬೀಜ ಒಡೆಯಲು ಅಂಗೈಗೆ ಸರಿಯಾಗಿ ಕೂರುವ, ತೂಕವೂ ಇರುವ ವಸ್ತು ನಮ್ಮಲ್ಲಿ ಒಂದೇ ಇತ್ತು. ಊಟದ ಬಿಡುವಿನಲ್ಲಿ ನಾನೂ ನನ್ನ ಬೆಂಚಿನ ಗೆಳೆಯನೂ ಬೀಜಗಳನ್ನು ವೈಸಿನ ಬೆನ್ನ ಮೇಲಿಟ್ಟು, ಹಿಂದಿನ ಬ್ಯಾಚಿನವರು ಮೈಲ್ಡ್ ಸ್ಟೀಲಿನಲ್ಲಿ ಮಾಡಿಟ್ಟಿದ್ದ ಆ ಪ್ಯಾರಲಲ್‌ನಿಂದ ಒಂದು ವಾರ ಜಜ್ಜಿದೆವು. ಶನಿವಾರದ ಜಾಬಿನಲ್ಲಿ ಮೂರು ಚೂರು ಕಾಗದ ಬಿಗಿಯಾಗಿ ನಿಂತವು, ನಾಲ್ಕನೆಯದು ಎಳೆದೊಡನೆ ಕೈಗೇ ಬಂತು. ಮೇಷ್ಟ್ರು ಕ್ಲ್ಯಾಂಪು ಬಿಚ್ಚಿ, ಪ್ಯಾರಲಲ್ಲಿನ ಅಂಚಿನ ಮೇಲೆ ಹೆಬ್ಬೆರಳ ಉಗುರನ್ನು ನಿಧಾನವಾಗಿ ಎಳೆದರು. ಒಂದು ಕಡೆ ಉಗುರು ನಿಂತಿತು. ಪೆಟ್ಟಿಗೆ ಎದ್ದ, ಕಣ್ಣಿಗೆ ಕಾಣದ ಬರ್, ಅಂದರೆ ಲೋಹದ ಉಬ್ಬು, ಅದು. ಬಳಿಕ ಆ ತುಂಡನ್ನು ಮೂಗಿನ ಹತ್ತಿರ ತಂದು ಮೂಸಿ, "ಮರದಲ್ಲಿ ಇನ್ನೂ ಇದೆಯೋ, ಎಲ್ಲಾ ಮುಗಿಸಿದಿರೋ?" ಎಂದು ಕೇಳಿದರು.

ಶಿಕ್ಷೆಯಾಗಿ ಬೀಡುಕಬ್ಬಿಣದ ಆ ಬ್ಲಾಕಿನ ಮೇಲ್ಮೈಯನ್ನು ಕೈಯಿಂದ ಸ್ಕ್ರೇಪ್ ಮಾಡುವ ಕೆಲಸ ನಮ್ಮಿಬ್ಬರಿಗೂ ಬಂತು. ಸರ್ಫೇಸ್ ಪ್ಲೇಟ್ ಎಂಬ ನಿಖರವಾಗಿ ಸಮತಟ್ಟಾದ ಫಲಕಕ್ಕೆ ಪ್ರಷ್ಯನ್ ಬ್ಲೂ ಎಂಬ ನೀಲಿ ಬಣ್ಣ ಸವರಿ, ಬ್ಲಾಕನ್ನು ಅದರ ಮೇಲೆ ಉಜ್ಜಿ, ನೀಲಿ ಹತ್ತಿದ ಉಬ್ಬುಗಳನ್ನಷ್ಟೇ ಕೆರೆದು, ಮತ್ತೆ ಉಜ್ಜಿ, ಮತ್ತೆ ಕೆರೆಯುವುದು. ಎಡಭಾಗ ನನ್ನದು, ಬಲಭಾಗ ಗೆಳೆಯನದು. ಮೂರು ವಾರ ಊಟದ ಬಿಡುವೆಲ್ಲ ಅದರಲ್ಲೇ ಹೋಯಿತು. ನನ್ನ ಭಾಗವನ್ನು ಮೇಷ್ಟ್ರು ಎರಡನೆಯ ವಾರವೇ ಒಪ್ಪಿದ್ದರೆಂಬುದನ್ನು ಇಲ್ಲಿ ಹೇಳದೆ ಹೋದರೆ ಇತಿಹಾಸಕ್ಕೆ ಅಪಚಾರವಾದೀತು.

ಇಂದು ನನ್ನಲ್ಲಿ ಕಂಪ್ಯೂಟರಿನಿಂದ ನಡೆಯುವ ಮಿಲ್ಲಿಂಗ್ ಯಂತ್ರಗಳಾದ ಮೂರು ವಿಎಂಸಿಗಳಿವೆ. ಅವುಗಳ ಹೆಡ್ಡು ಬಟನ್ ಒತ್ತಿದರೆ ಏರಿ ಇಳಿಯುತ್ತದೆ. ಕೆಲಸ ಕೇಳಿಕೊಂಡು ಬರುವ ಹುಡುಗರು ಪರದೆಯ ಮೇಲೆ ಪ್ರೋಗ್ರಾಮನ್ನು ನನಗಿಂತ ವೇಗವಾಗಿ ಓಡಿಸುತ್ತಾರೆ. ಆದರೆ ಕಂಪ್ಯೂಟರಿನ ಸಿಮ್ಯುಲೇಶನ್ನಿನಲ್ಲಿ ಕಟರು ಎಷ್ಟೇ ಉದ್ದಕ್ಕೆ ಚಾಚಿಕೊಂಡಿದ್ದರೂ ನಡುಗುವುದಿಲ್ಲವಾದ್ದರಿಂದ, ವೈಸಿನ ತಳದಲ್ಲಿ ಕೂತ ಜಾಬನ್ನು ಎರಡು ಅಂಗುಲ ಎತ್ತಿಡಬಹುದೆಂಬ ಯೋಚನೆಯೇ ಅವರಿಗೆ ಬರುವುದಿಲ್ಲ. ತಪ್ಪು ಅವರದಲ್ಲ, ಕೈಗೆ ಕಬ್ಬಿಣ ಕೊಡದೆ ಅಂಕ ಕೊಟ್ಟವರದು.

ಶ್ರದ್ಧಾಂಜಲಿ ಸಭೆಯಲ್ಲಿ ಭಾಷಣಕಾರರೊಬ್ಬರು, ಮೇಷ್ಟ್ರು ಸಾವಿರಾರು ವಿದ್ಯಾರ್ಥಿಗಳನ್ನು ಮೇಲೆತ್ತಿದರೆಂದರು. ಅವರೇ ಇದ್ದಿದ್ದರೆ, ಎಷ್ಟು ಮಿಲಿಮೀಟರ್ ಎಂದು ಕೇಳುತ್ತಿದ್ದರು. ಸಭೆ ಮುಗಿದ ಮೇಲೆ ಹಳೆಯ ವರ್ಕ್‌ಶಾಪಿಗೆ ಹೋದೆ. ಜೋಡು ಯಂತ್ರ ಯಾವಾಗಲೋ ಗುಜರಿಗೆ ಹೋಗಿತ್ತು. ಬ್ಲಾಕು ಮಾತ್ರ ಬಾಗಿಲು ಬಡಿದುಕೊಳ್ಳದಂತೆ ಅಡ್ಡ ಕೂತಿತ್ತು. ಕೇಳಿ, ಪುಸ್ತಕದಲ್ಲಿ ಸಹಿ ಹಾಕಿ, ಪೀಣ್ಯಕ್ಕೆ ತಂದೆ. ತುಕ್ಕು ಒರೆಸಿ ನೀಲಿ ಹಚ್ಚಿದ ಸರ್ಫೇಸ್ ಪ್ಲೇಟಿನ ಮೇಲೆ ಉಜ್ಜಿ ನೋಡಿದಾಗ ಎಡಭಾಗದಲ್ಲಿ ಚುಕ್ಕೆಗಳು ಈಗಲೂ ಸಮನಾಗಿ ಮೂಡಿದವು. ಬಲಭಾಗದ ವಿಚಾರವನ್ನು ಗೆಳೆಯನಿಗೆ ಫೋನ್ ಮಾಡಿ ತಿಳಿಸಿದ್ದೇನೆ.